ಪಾಳುಬಿದ್ದ ಗಣಿಗಳ ಹುಳಿನೀರೂ ಅದರ ಶುದ್ಧೀಕರಣವೂ

ಪೀಠಿಕೆ

ಮಲೆನಾಡಿನ ರೈತರಿಗೆ ಹುಳಿಮಣ್ಣಿನ ಪರಿಚಯವು ಹೊಸದಲ್ಲ. ಮಳೆಯು ಹೇರಳವಾಗಿ ಬೀಳುವ ಸೀಮೆಯಲ್ಲಿ ನೆಲದೊಳಗಣ ಸುಣ್ಣದ ಅಂಶವು ತೊಳೆದುಹೋಗಿ ಭೂಮಿಯು ಆಮ್ಲಗುಣವನ್ನು ಹೊಂದುವುದೆಂದೂ, ಅಂತಹ ಭೂಮಿಗೆ ಸುಣ್ಣವನ್ನು ಹಾಕಿ ಸರಿಪಡಿಸಬೇಕೆಂದೂ ಅವರು ಬಲ್ಲರು. ಆದರೆ ಮಣ್ಣಲ್ಲದೆ ನೀರೇ ಹುಳಿಯಾಗಿ ಹರಿದು ಬರುವ ಪ್ರದೇಶಗಳೂ ಲೋಕದಲ್ಲಿ ಅನೇಕವಾಗಿವೆ. ಕೆಲಸವು ನಿಂತು ಪಾಳುಬಿದ್ದ ಗಣಿಗಳೇ ಬಹುಮಟ್ಟಿಗೆ ಇಂತಹ ನೀರಿನ ತವರು. ಗಣಿಯ ಯಂತ್ರಗಳು ನಿಂತು, ಕೆಲಸಗಾರರು ಊರು ಬಿಟ್ಟುಹೋದ ಹಲವು ವರ್ಷಗಳ ಮೇಲೆಯೂ, ಅದರ ಬಾಯಿಂದ ಹೊರಡುವ ನೀರು ಕೆಳಗಿನ ಹಳ್ಳವನ್ನೂ ಕೆರೆಯನ್ನೂ ಗದ್ದೆಯನ್ನೂ ಸೇರುತ್ತಲೇ ಇರುವುದು.

ಈ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ಸಾಮಾನ್ಯವಾಗಿವೆ. ಗಣಿಯನ್ನು ಮುಚ್ಚಿದೊಡನೆ ಅದರ ಕೇಡೂ ಮುಗಿಯಿತೆಂಬುದು ಮೊದಲನೆಯದು. ನೀರು ತಿಳಿಯಾಗಿ ಕಂಡರೆ ಅದು ಶುದ್ಧವಾಯಿತೆಂಬುದು ಎರಡನೆಯದು. ಇವೆರಡೂ ಏಕೆ ತಪ್ಪೆಂಬುದನ್ನೂ, ಇಂತಹ ನೀರನ್ನು ಶುದ್ಧಿಮಾಡುವ ಕ್ರಮಗಳಾವುವೆಂಬುದನ್ನೂ, ಗಣಿಯ ಕೆಳಗಡೆ ಸಾಗುವಳಿ ಮಾಡುವ ರೈತರು ಗಮನಿಸತಕ್ಕ ಅಂಶಗಳನ್ನೂ ತಿಳಿಸುವುದೇ ಈ ಲೇಖನದ ಉದ್ದೇಶವು.

ಹುಳಿನೀರು ಹುಟ್ಟುವ ಬಗೆ

ತಾಮ್ರ, ಸತು, ಸೀಸ ಮೊದಲಾದ ಲೋಹಗಳ ಅದಿರಿನಲ್ಲಿಯೂ, ಕೆಲವು ಕಡೆಗಳ ಕಲ್ಲಿದ್ದಲಿನಲ್ಲಿಯೂ ಪೈರೈಟ್ ಎಂಬ ಖನಿಜವು ಬೆರೆತಿರುವುದು. ಇದು ಹೊಂಬಣ್ಣದಿಂದ ಹೊಳೆಯತಕ್ಕದ್ದು. ಕಬ್ಬಿಣವೂ ಗಂಧಕವೂ ಸೇರಿ ಆದದ್ದು. ಭೂಮಿಯ ಆಳದಲ್ಲಿ ಗಾಳಿಯ ಸೋಂಕಿಲ್ಲದೆ ಇರುವ ತನಕ ಇದರಿಂದ ಯಾವ ಬಾಧೆಯೂ ಇಲ್ಲ. ಗಣಿಯನ್ನು ತೋಡಿ ಕಲ್ಲನ್ನು ಒಡೆದಾಗ ಇದಕ್ಕೆ ಗಾಳಿಯೂ ನೀರೂ ತಗಲುವುವು. ಆಗ ಗಂಧಕವು ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ಗಂಧಕಾಮ್ಲವಾಗುವುದು. ಕಬ್ಬಿಣವು ಕರಗಿ ನೀರಿನಲ್ಲಿ ಸೇರುವುದು. ಹೀಗೆ ಹುಟ್ಟಿದ ಆಮ್ಲವು ಸುತ್ತಲಿನ ಕಲ್ಲಿನಲ್ಲಿರುವ ಸತು, ತಾಮ್ರ, ಕ್ಯಾಡ್ಮಿಯಮ್, ಅಲ್ಯೂಮಿನಿಯಮ್, ಪಾಷಾಣ ಮುಂತಾದವುಗಳನ್ನೂ ಕರಗಿಸಿಕೊಂಡು ಹೊರಡುವುದು.

ಈ ಕ್ರಿಯೆಯು ತಾನಾಗಿಯೇ ನಡೆದರೆ ಬಹು ನಿಧಾನವಾಗಿರುತ್ತಿತ್ತು. ಅದನ್ನು ಅನೇಕ ಪಾಲು ತ್ವರೆಗೊಳಿಸುವ ಸೂಕ್ಷ್ಮಜೀವಿಗಳು ಗಣಿಯ ನೀರಿನಲ್ಲಿವೆಯೆಂಬುದನ್ನು 1947ರಲ್ಲಿ ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಮಿಕ್ಕ ಜೀವಿಗಳು ಬದುಕಲಾರದ ಹುಳಿಯಲ್ಲಿಯೇ ಇವು ಹುಲುಸಾಗಿ ಬೆಳೆಯುವುವು. ಕರಗಿದ ಕಬ್ಬಿಣವೇ ಇವುಗಳಿಗೆ ಶಕ್ತಿಯ ಮೂಲವು.

ಗಣಿಯಲ್ಲಿ ಕೆಲಸ ನಡೆಯುತ್ತಿರುವಾಗ ಪಂಪುಗಳು ಹಗಲಿರುಳೂ ನೀರನ್ನು ಮೇಲಕ್ಕೆತ್ತುತ್ತಿರುವುವು. ಕೆಲಸವು ನಿಂತಾಗ ಪಂಪುಗಳೂ ನಿಲ್ಲುವುವು. ಸುರಂಗಗಳಲ್ಲಿ ನೀರು ಮೇಲಕ್ಕೇರುತ್ತ, ಗೋಡೆಗಳ ಮೇಲೆ ವರ್ಷಗಟ್ಟಲೆ ಕಟ್ಟಿಕೊಂಡಿದ್ದ ಉಪ್ಪುಗಳನ್ನೆಲ್ಲ ಕರಗಿಸಿಕೊಂಡು, ಕೊನೆಗೆ ತಗ್ಗಾದ ಯಾವುದಾದರೊಂದು ಬಾಯಿಂದ ಹೊರಕ್ಕೆ ಬರುವುದು. ಆದಕಾರಣ ಗಣಿಯು ಮುಚ್ಚಿದ ಮೇಲೆ ಮೊದಲು ಬರುವ ನೀರೇ ಅತ್ಯಂತ ಕೆಟ್ಟದ್ದಾಗಿರುವುದುಂಟು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ವೀಲ್ ಜೇನ್ ಎಂಬ ತವರದ ಗಣಿಯು 1991ರಲ್ಲಿ ಮುಚ್ಚಲ್ಪಟ್ಟಿತು, ಪಂಪುಗಳೂ ನಿಂತವು. 1992ರ ಜನವರಿಯಲ್ಲಿ ಸುರಂಗವೊಂದರ ಅಡ್ಡಗಟ್ಟು ಒಡೆದು, ಲೋಹಗಳಿಂದ ತುಂಬಿದ ಹುಳಿನೀರು ಒಮ್ಮೆಗೇ ಕಾರ್ನನ್ ನದಿಗೆ ನುಗ್ಗಿತು. ನದಿಯ ಮುಖವೆಲ್ಲವೂ ಕಿತ್ತಳೆ ಬಣ್ಣವನ್ನು ತಾಳಿತು. ಸುರಂಗದ ಬಾಯನ್ನು ಕಟ್ಟಿದ ಮಾತ್ರಕ್ಕೆ ನೀರು ಅಡಗುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನವು.

ಬೆಳೆಗೂ ನೆಲಕ್ಕೂ ಆಗುವ ಹಾನಿ

ನೀರಿನ ಹುಳಿಯನ್ನು ಅಳೆಯುವುದಕ್ಕೆ ಪಿ.ಎಚ್. ಎಂಬ ಮಾನವುಂಟು. ಇದರಲ್ಲಿ 7 ಎಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ನೀರು. ಅಂಕವು ಒಂದೊಂದು ಇಳಿದಂತೆ ಹುಳಿಯು ಹತ್ತು ಹತ್ತು ಪಾಲು ಹೆಚ್ಚುವುದು. ಪಿ.ಎಚ್. 3 ಇರುವ ನೀರು 7 ಇರುವ ನೀರಿಗಿಂತ ಹತ್ತು ಸಾವಿರ ಪಾಲು ಹುಳಿಯಾದದ್ದು. ನೀರಾವರಿಗೆ ಉಪಯೋಗಿಸುವ ನೀರಿನ ಪಿ.ಎಚ್. 6ರಿಂದ 8.5ರ ಒಳಗಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗೊತ್ತುಪಡಿಸಿರುವುದು. ಪಾಳುಗಣಿಗಳ ನೀರಿನಲ್ಲಿ ಇದು 3ಕ್ಕೂ ಕೆಳಗಿಳಿಯುವುದು ಅಪೂರ್ವವಲ್ಲ.

ಇಂತಹ ನೀರನ್ನು ಗದ್ದೆಗೆ ಹಾಯಿಸಿದರೆ ಮಣ್ಣಿನಲ್ಲಿ ಅಡಗಿದ್ದ ಅಲ್ಯೂಮಿನಿಯಮ್ ಕರಗಿ ಬೇರುಗಳನ್ನು ಮೊಂಡಾಗಿಸುವುದು. ರಂಜಕವು ಪೈರಿಗೆ ದಕ್ಕದ ರೂಪವನ್ನು ಹೊಂದುವುದು. ಕಬ್ಬಿಣವು ಹೆಚ್ಚಾದಲ್ಲಿ ಬತ್ತದ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿ ತೆಂಡೆಗಳು ಕುಗ್ಗುವುವು. ಕಾಲುವೆಯ ತಳದಲ್ಲಿ ಕಾವಿಯಂತಹ ಮಡ್ಡಿಯು ಕಟ್ಟಿಕೊಳ್ಳುವುದು. ಇವೆಲ್ಲವೂ ಕಣ್ಣಿಗೆ ಕಾಣತಕ್ಕ ಹಾನಿಗಳು.

ಕಣ್ಣಿಗೆ ಕಾಣದ ಹಾನಿಯು ಇದಕ್ಕಿಂತಲೂ ಭಯಂಕರವಾದದ್ದು. ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿನ್‌ಜು ಎಂಬ ನದಿಯಿದೆ. ಅದರ ಮೇಲ್ಭಾಗದ ಕಾಮಿಯೋಕಾ ಎಂಬ ಸತು ಮತ್ತು ಸೀಸದ ಗಣಿಯಲ್ಲಿ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಕ್ಯಾಡ್ಮಿಯಮ್ ನದಿಯನ್ನು ಸೇರಿ, ಅಲ್ಲಿಂದ ಗದ್ದೆಗಳಿಗೂ ಗದ್ದೆಗಳಿಂದ ಅಕ್ಕಿಗೂ ಬಂದಿತು. ಆ ಅನ್ನವನ್ನು ಬಹುಕಾಲ ಉಂಡವರ, ಅದರಲ್ಲಿಯೂ ವಯಸ್ಸಾದ ಹೆಂಗಸರ, ಮೂತ್ರಪಿಂಡಗಳು ಕೆಟ್ಟು, ಮೂಳೆಗಳು ಮೆತುವಾಗಿ ಮುರಿಯತೊಡಗಿದುವು. ರೋಗಿಗಳ ನರಳಾಟದ ಮಾತಿನಿಂದಲೇ ಆ ರೋಗಕ್ಕೆ ‘ಇತಾಯಿ ಇತಾಯಿ’, ಎಂದರೆ ‘ನೋವು, ನೋವು’ ಎಂಬ ಹೆಸರಾಯಿತು. ಇದು ಗಣಿಯ ಮಾಲಿನ್ಯದಿಂದಾದ ರೋಗವೆಂದು 1968ರಲ್ಲಿ ಅಲ್ಲಿನ ಸರ್ಕಾರವು ಒಪ್ಪಿಕೊಂಡಿತು. ಕೆಟ್ಟ ಗದ್ದೆಗಳನ್ನು ಸರಿಪಡಿಸುವ ಕಾರ್ಯವು 1979ರಲ್ಲಿ ಆರಂಭವಾಗಿ 2012ರಲ್ಲಿ ಮುಗಿಯಿತು. ಸುಮಾರು 863 ಹೆಕ್ಟೇರು ನೆಲದಲ್ಲಿ ಕೆಟ್ಟ ಮಣ್ಣನ್ನು ಆಳಕ್ಕೆ ಹೂಳಿ, ಮೇಲೆ ಒಳ್ಳೆಯ ಮಣ್ಣನ್ನು ಹರಡಬೇಕಾಯಿತು. ನೀರಿನಲ್ಲಿಯೇ ತಡೆಯಬಹುದಾಗಿದ್ದ ಲೋಹವು ಮಣ್ಣಿಗಿಳಿದುದರಿಂದ ಅದನ್ನು ನಿವಾರಿಸಲು ಮೂವತ್ತಮೂರು ವರ್ಷಗಳು ಹಿಡಿದುವು.

ಮೂಲದಲ್ಲಿಯೇ ತಡೆಯುವುದು

ಗಾಳಿ, ನೀರು, ಗಂಧಕದ ಕಲ್ಲು ಈ ಮೂರೂ ಒಂದೆಡೆ ಸೇರಿದಲ್ಲದೆ ಹುಳಿಯು ಹುಟ್ಟದು. ಆದುದರಿಂದ ಇವುಗಳನ್ನು ಅಗಲಿಸುವುದೇ ಮೊದಲನೆಯ ಉಪಾಯವು. ಮೇಲ್ಭಾಗದ ಒಳ್ಳೆಯ ನೀರು ಗಣಿಗೆ ಇಳಿಯದಂತೆ ಬಳಸುಗಾಲುವೆಗಳನ್ನು ತೆಗೆಯಬೇಕು. ಗಣಿಯ ಕಲ್ಲಿನ ರಾಶಿಗಳ ಮೇಲೆ ಜಿಗುಟಾದ ಜೇಡಿಮಣ್ಣನ್ನು ಹಾಸಿ ಗಟ್ಟಿಮಾಡಿ, ಅದರ ಮೇಲೆ ಸಾಗುವಳಿಯ ಮಣ್ಣನ್ನು ಹರಡಿ ಹುಲ್ಲು ಬೆಳೆಸಬೇಕು. ಕೆಲವು ಕಡೆಗಳಲ್ಲಿ ಗಂಧಕದ ಕಲ್ಲನ್ನು ನೀರಿನ ಅಡಿಯಲ್ಲಿಯೇ ಮುಳುಗಿಸಿಡುವುದುಂಟು. ನಿಂತ ನೀರಿನ ತಳಕ್ಕೆ ಗಾಳಿಯು ಬಹು ಅಲ್ಪವಾಗಿ ಮಾತ್ರ ತಲುಪುವುದರಿಂದ ಕ್ರಿಯೆಯು ಕುಂಠಿತವಾಗುವುದು. ಇಷ್ಟೆಲ್ಲ ಮಾಡಿದರೂ ಹಳೆಯ ಸುರಂಗಗಳಿಂದ ಸ್ವಲ್ಪ ನೀರು ಬಂದೇ ಬರುವುದು. ಅದಕ್ಕೆ ಚಿಕಿತ್ಸೆಯು ಆವಶ್ಯಕವು.

ಸುಣ್ಣದ ಚಿಕಿತ್ಸೆ

ಹುಳಿಮಣ್ಣಿಗೆ ಯಾವುದು ಮದ್ದೋ ಹುಳಿನೀರಿಗೂ ಅದೇ ಮದ್ದು. ಸುಣ್ಣವನ್ನು ಕಲಸಿದಾಗ ಆಮ್ಲವು ಮುರಿಯುವುದು. ಕರಗಿದ್ದ ಲೋಹಗಳು ಗಟ್ಟಿ ರೂಪವನ್ನು ತಾಳಿ ಮಡ್ಡಿಯಾಗಿ ತಳಕ್ಕಿಳಿಯುವುವು. ಆದರೆ ಎಲ್ಲ ಲೋಹಗಳೂ ಒಂದೇ ಹದದಲ್ಲಿ ಇಳಿಯುವುದಿಲ್ಲವೆಂಬುದನ್ನು ಮುಖ್ಯವಾಗಿ ತಿಳಿಯಬೇಕು. ಗಾಳಿಯೊಡನೆ ಪೂರ್ಣವಾಗಿ ಕೂಡಿದ ಕಬ್ಬಿಣವು ಪಿ.ಎಚ್. ಸುಮಾರು 3.5 ಆದೊಡನೆ ಇಳಿಯತೊಡಗುವುದು. ಅಲ್ಯೂಮಿನಿಯಮ್ ಸುಮಾರು 5ರಲ್ಲಿ ಇಳಿಯುವುದು. ಸತು ಚೆನ್ನಾಗಿ ಇಳಿಯುವುದಕ್ಕೆ 9ರ ತನಕ ಏರಿಸಬೇಕು. ಕ್ಯಾಡ್ಮಿಯಮ್ ಮತ್ತು ಮ್ಯಾಂಗನೀಸ್ ಇನ್ನೂ ಹೆಚ್ಚನ್ನು ಬೇಡುವುವು. ನೀರಿಗೆ ಕೆಂಪು ಬಣ್ಣವನ್ನು ಕೊಡುವುದು ಕಬ್ಬಿಣವು. ಅದು ಮೊದಲೇ ಇಳಿದುಹೋಗುವುದರಿಂದ ನೀರು ಸ್ಫಟಿಕದಂತೆ ತಿಳಿಯಾಗಿ ಕಾಣುವುದು. ಆದರೆ ಬಣ್ಣವಿಲ್ಲದ ಸತುವೂ ಕ್ಯಾಡ್ಮಿಯಮ್ಮೂ ಅದರಲ್ಲಿ ಹಾಗೆಯೇ ಉಳಿದಿರಬಹುದು. ತಿಳಿನೀರೆಲ್ಲ ಶುದ್ಧನೀರಲ್ಲವೆಂದು ಪೀಠಿಕೆಯಲ್ಲಿ ಹೇಳಿದುದಕ್ಕೆ ಇದೇ ಕಾರಣವು.

ಸುಣ್ಣದ ಪ್ರಮಾಣವನ್ನು ಒಂದು ಲೆಕ್ಕದಿಂದ ವಿಶದಪಡಿಸಬಹುದು. ಒಂದು ಲೀಟರು ನೀರಿನ ಹುಳಿಯನ್ನು ಮುರಿಯಲು 500 ಮಿಲಿಗ್ರಾಮು ಸುಣ್ಣಕಲ್ಲು ಬೇಕೆಂದು ಪರೀಕ್ಷೆಯಿಂದ ತಿಳಿಯಿತೆಂದು ಇಟ್ಟುಕೊಳ್ಳೋಣ. ಗಣಿಯ ಬಾಯಿಂದ ಸೆಕೆಂಡಿಗೆ ಒಂದು ಲೀಟರಿನಂತೆ ನೀರು ಬಂದರೆ ದಿನಕ್ಕೆ 86,400 ಲೀಟರು ಆಗುವುದು. ಇದಕ್ಕೆ ದಿನಕ್ಕೆ 43 ಕಿಲೋಗ್ರಾಮು ಶುದ್ಧವಾದ ಸುಣ್ಣಕಲ್ಲು, ಅಥವಾ 32 ಕಿಲೋಗ್ರಾಮು ಅರಳಿದ ಸುಣ್ಣ ಬೇಕು. ವರ್ಷಕ್ಕೆ ಸುಣ್ಣಕಲ್ಲು 15 ಟನ್ನಿಗೂ ಮಿಕ್ಕಿತು. ಸೆಕೆಂಡಿಗೆ ಒಂದು ಲೀಟರೆಂಬುದು ಕಿರಿದಾದ ಒಂದು ಒರತೆ ಮಾತ್ರ. ದೊಡ್ಡ ಗಣಿಗಳ ವೆಚ್ಚವನ್ನು ಇದರಿಂದಲೇ ಊಹಿಸಿಕೊಳ್ಳಬಹುದು.

ಮತ್ಸುವೊ ಗಣಿಯ ದೃಷ್ಟಾಂತ

ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿಕೊಂಡು ಬಂದಿರುವುದಕ್ಕೆ ಜಪಾನಿನ ಇವಾತೆ ಪ್ರಾಂತದ ಮತ್ಸುವೊ ಗಣಿಯು ಉತ್ತಮವಾದ ದೃಷ್ಟಾಂತವು. ಇದು ಒಂದು ಕಾಲಕ್ಕೆ ಪೂರ್ವದೇಶಗಳಲ್ಲಿಯೇ ಹೆಸರಾದ ಗಂಧಕದ ಗಣಿಯಾಗಿತ್ತು. ಕಲ್ಲೆಣ್ಣೆಯನ್ನು ಶುದ್ಧಿಮಾಡುವಾಗ ದೊರೆಯುವ ಅಗ್ಗದ ಗಂಧಕವು ಪೇಟೆಗೆ ಬಂದುದರಿಂದ ಗಣಿಗೆ ನಷ್ಟವುಂಟಾಗಿ, 1970ರ ಆಸುಪಾಸಿನಲ್ಲಿ ಕೆಲಸವು ನಿಂತುಹೋಯಿತು. ಗಣಿಯ ಹುಳಿನೀರು ಅಕಾಗಾವಾ, ಎಂದರೆ ‘ಕೆಂಪು ಹೊಳೆ’ ಎಂಬ ಉಪನದಿಯ ಮೂಲಕ ಕಿತಾಕಾಮಿ ಎಂಬ ದೊಡ್ಡ ನದಿಯನ್ನು ಸೇರುತ್ತಿತ್ತು. ವಿಸ್ತಾರವಾದ ಗದ್ದೆಬಯಲುಗಳಿಗೆ ನೀರುಣಿಸುವ ಆ ನದಿಯೇ ಕೆಂಗಂದು ಬಣ್ಣಕ್ಕೆ ತಿರುಗಿತು. ನೀರಿನಲ್ಲಿ ಕಬ್ಬಿಣವಲ್ಲದೆ ಪಾಷಾಣವೂ ಇತ್ತು.

ಮೊದಲು ಸುಣ್ಣಕಲ್ಲಿನ ಪುಡಿಯನ್ನು ಹೊಳೆಗೇ ಸುರಿದು ತಾತ್ಕಾಲಿಕವಾಗಿ ಹುಳಿಯನ್ನು ಮುರಿಯುತ್ತಿದ್ದರು. ತರುವಾಯ ಸರ್ಕಾರದ ವೆಚ್ಚದಿಂದ ಶುದ್ಧೀಕರಣದ ಕಾರ್ಖಾನೆಯೊಂದನ್ನು ಕಟ್ಟಿ 1982ರಲ್ಲಿ ಕೆಲಸವನ್ನಾರಂಭಿಸಿದರು. ಇಲ್ಲಿನ ಕ್ರಮದಲ್ಲಿ ಒಂದು ಜಾಣ್ಮೆಯುಂಟು. ಗಣಿಯಲ್ಲಿ ಕೇಡನ್ನು ತ್ವರೆಗೊಳಿಸುವ ಆ ಸೂಕ್ಷ್ಮಜೀವಿಗಳನ್ನೇ ತೊಟ್ಟಿಗಳಲ್ಲಿ ಸಾಕಿ, ಗಾಳಿಯನ್ನು ಊದಿ, ಅವುಗಳಿಂದ ನೀರಿನಲ್ಲಿನ ಕಬ್ಬಿಣವನ್ನು ಆಮ್ಲಜನಕದೊಡನೆ ಕೂಡಿಸುವರು. ಹಾಗೆ ಕೂಡಿದ ಕಬ್ಬಿಣವು ಕಡಮೆ ಪಿ.ಎಚ್.ನಲ್ಲಿಯೇ ಇಳಿಯುವುದರಿಂದ, ಬೆಲೆಯುಳ್ಳ ಸುಟ್ಟ ಸುಣ್ಣಕ್ಕೆ ಬದಲಾಗಿ ಅಗ್ಗವಾದ ಸುಣ್ಣಕಲ್ಲಿನ ಪುಡಿಯೇ ಸಾಕಾಗುವುದು. ಪಾಷಾಣವು ಕಬ್ಬಿಣದ ಮಡ್ಡಿಗೆ ಅಂಟಿಕೊಂಡು ಅದರೊಡನೆ ಕೆಳಗಿಳಿಯುವುದು. ಮಡ್ಡಿಯನ್ನು ಪ್ರತ್ಯೇಕವಾದ ಕಟ್ಟೆಯೊಳಗೆ ಶೇಖರಿಸುವರು. ಇದರ ಜೊತೆಗೆ ತೆರೆದ ಗಣಿಯ ಹಳ್ಳಗಳನ್ನು ಮಣ್ಣಿನಿಂದ ಹೊದಿಸಿ ಸಸಿಗಳನ್ನು ನೆಟ್ಟು, ಒಳಗಿಳಿಯುವ ಮಳೆನೀರನ್ನು ಕಡಮೆಮಾಡಿದರು.

ನಿಮಿಷಕ್ಕೆ ಸುಮಾರು 18 ಘನಮೀಟರಿನಂತೆ, ಎಂದರೆ ದಿನಕ್ಕೆ ಎರಡೂವರೆ ಕೋಟಿ ಲೀಟರಿಗೂ ಮಿಕ್ಕಿದ ನೀರಿಗೆ ಇಲ್ಲಿ ಚಿಕಿತ್ಸೆಯಾಗುವುದು. ಕಿತಾಕಾಮಿ ನದಿಯು ಮತ್ತೆ ತಿಳಿಯಾಯಿತು. ಆದರೆ ಕಾರ್ಖಾನೆಯು ಒಂದು ದಿನವೂ ಬಿಡುವಿಲ್ಲದೆ ನಡೆಯುತ್ತಲೇ ಇರಬೇಕು. ಅದನ್ನು ನಿಲ್ಲಿಸಿದರೆ ನದಿಯು ಮೊದಲಿನಂತಾಗುವುದು. ಗಣಿಯಿಂದ ಲಾಭವನ್ನು ಪಡೆದ ಕಂಪನಿಯು ಈಗಿಲ್ಲ. ವೆಚ್ಚವು ಪ್ರಜೆಗಳ ಪಾಲಿಗೆ ಬಂದಿರುವುದು. ಗಣಿಯನ್ನು ತೆರೆಯುವ ಕಾಲದಲ್ಲಿಯೇ ಅದನ್ನು ಮುಚ್ಚುವುದಕ್ಕೆ ಬೇಕಾದ ಹಣವನ್ನು ಠೇವಣಿಯಾಗಿ ತೆಗೆದಿರಿಸತಕ್ಕದ್ದೆಂಬ ನಿಯಮದ ಆವಶ್ಯಕತೆಯು ಇದರಿಂದ ಸ್ಪಷ್ಟವಾಗುವುದು.

ಯಂತ್ರಗಳಿಲ್ಲದ ಉಪಾಯಗಳು

ನೀರು ಅಲ್ಪವಾಗಿರುವಲ್ಲಿ ಯಂತ್ರವೂ ವಿದ್ಯುಚ್ಛಕ್ತಿಯೂ ಇಲ್ಲದೆ ನಡೆಯುವ ಉಪಾಯಗಳುಂಟು. ಸುಣ್ಣಕಲ್ಲಿನ ಜಲ್ಲಿಯನ್ನು ತುಂಬಿದ ಕಾಲುವೆಯ ಮೂಲಕ ನೀರನ್ನು ಹರಿಯಿಸುವುದು ಇವುಗಳಲ್ಲಿ ಸುಲಭವಾದದ್ದು. ಆದರೆ ತೆರೆದ ಕಾಲುವೆಯಲ್ಲಿ ಕಬ್ಬಿಣದ ಮಡ್ಡಿಯು ಜಲ್ಲಿಯ ಮೇಲೆ ಚಿಪ್ಪಿನಂತೆ ಕಟ್ಟಿಕೊಂಡು, ಕಲ್ಲಿನ ಗುಣವು ನೀರಿಗೆ ದಕ್ಕದಂತಾಗುವುದು. ಆದಕಾರಣ ಗಾಳಿಯ ಸೋಂಕಿಲ್ಲದೆ ನೆಲದೊಳಗಿಂದ ಬರುವ ನೀರನ್ನು ಹಾಗೆಯೇ, ಮೇಲೆ ಜೇಡಿಮಣ್ಣನ್ನು ಮುಚ್ಚಿದ ಜಲ್ಲಿಯ ಕಾಲುವೆಯಲ್ಲಿ ಹಾಯಿಸುವರು. ಹುಳಿಯು ಒಳಗೇ ಮುರಿದ ಮೇಲೆ ನೀರನ್ನು ಹೊರಕ್ಕೆ ಬಿಟ್ಟು, ಮೆಟ್ಟಿಲಿನಂತಹ ಕಟ್ಟೆಗಳ ಮೇಲಿಂದ ಧುಮುಕಿಸಿ ಗಾಳಿಯನ್ನು ಕೂಡಿಸಿ, ಹೊಂಡಗಳಲ್ಲಿ ಮಡ್ಡಿಯನ್ನು ಇಳಿಸುವರು. ಕೊನೆಯಲ್ಲಿ ಜೊಂಡು ಬೆಳೆದ ತೆಳುನೀರಿನ ಪಾತಿಗಳಲ್ಲಿ ನೀರು ನಿಧಾನವಾಗಿ ಹರಿದು ಉಳಿದ ಕಬ್ಬಿಣವನ್ನು ಬಿಡುವುದು.

ನಮ್ಮ ರೈತರಿಗೆ ಕುತೂಹಲಕರವಾದ ಮತ್ತೊಂದು ಕ್ರಮವುಂಟು. ಸುಣ್ಣಕಲ್ಲಿನ ಹಾಸಿನ ಮೇಲೆ ಕೊಟ್ಟಿಗೆಗೊಬ್ಬರ, ಹುಲ್ಲು, ಮರದ ಹೊಟ್ಟು ಮುಂತಾದವುಗಳನ್ನು ದಪ್ಪನಾಗಿ ಹಾಸಿ, ನೀರು ಮೇಲಿಂದ ಕೆಳಕ್ಕೆ ಬಸಿಯುವಂತೆ ಮಾಡುವರು. ಕೊಳೆಯುತ್ತಿರುವ ಗೊಬ್ಬರವು ನೀರಿನಲ್ಲಿನ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುವುದು. ಅಂತಹ ಸ್ಥಳದಲ್ಲಿ ಬದುಕುವ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಗಂಧಕಾಮ್ಲದ ಲವಣವನ್ನು ಒಡೆದು, ಸತು ಮತ್ತು ಕ್ಯಾಡ್ಮಿಯಮ್‌ಗಳನ್ನು ಪುನಃ ಗಂಧಕದೊಡನೆ ಕೂಡಿಸಿ, ಕರಗದ ಕರಿಯ ವಸ್ತುವಾಗಿ ಮಾಡುವುವು. ಗಣಿಯಲ್ಲಿ ನಡೆದ ಕ್ರಿಯೆಯನ್ನೇ ಇಲ್ಲಿ ಹಿಂದುಮುಂದಾಗಿ ನಡೆಯಿಸಿದಂತಾಯಿತು. ಆದರೆ ಈ ಉಪಾಯಗಳೂ ಒಮ್ಮೆ ಮಾಡಿ ಮರೆಯತಕ್ಕವಲ್ಲ. ಗೊಬ್ಬರವು ತೀರುವುದು, ಜಲ್ಲಿಯು ಕರಗುವುದು, ಹೊಂಡವು ತುಂಬುವುದು. ಕೆರೆಯ ಹೂಳನ್ನು ತೆಗೆಯುವಂತೆ ಇವುಗಳನ್ನೂ ಕಾಲಕಾಲಕ್ಕೆ ನೋಡಿಕೊಳ್ಳಬೇಕು.

ನಮ್ಮ ನಾಡಿನ ಸ್ಥಿತಿ

ಎಲ್ಲ ಗಣಿಗಳ ನೀರೂ ಹುಳಿಯಾಗಿರುವುದಿಲ್ಲ. ಕುದುರೆಮುಖದಲ್ಲಿ ತೆಗೆಯುತ್ತಿದ್ದುದು ಗಂಧಕವಿಲ್ಲದ ಕಬ್ಬಿಣದ ಅದಿರು. 2005ರ ಕೊನೆಯಲ್ಲಿ ಗಣಿಯು ನಿಲ್ಲುವ ತನಕ ಅಲ್ಲಿನ ಮುಖ್ಯವಾದ ಚಿಂತೆಯು ಭದ್ರಾ ನದಿಗೆ ಇಳಿಯುವ ಹೂಳಿನದಾಗಿತ್ತೇ ಹೊರತು ಹುಳಿಯದಲ್ಲ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದುವು. ನೂರಕ್ಕೂ ಹೆಚ್ಚು ವರ್ಷಗಳ ಕಾಲ ಅದಿರನ್ನು ನುಣ್ಣಗೆ ಅರೆದು, ಸಯನೈಡ್ ದ್ರವದಿಂದ ಚಿನ್ನವನ್ನು ತೆಗೆದ ಮೇಲೆ ಉಳಿದ ಪುಡಿಯು ಅಲ್ಲಿ ಗುಡ್ಡಗಳಾಗಿ ನಿಂತಿದೆ. ಅದರ ತೂಕವು ಸುಮಾರು 3 ಕೋಟಿ 30 ಲಕ್ಷ ಟನ್ನೆಂದು ಅಂದಾಜು. ಸಯನೈಡು ಬಿಸಿಲುಗಾಳಿಗೆ ಕಾಲಕ್ರಮದಲ್ಲಿ ಒಡೆದುಹೋಗತಕ್ಕದ್ದು. ಆದರೆ ಅದಿರಿನ ಲೋಹಗಳು ಹಾಗೆ ನಾಶವಾಗುವುದಿಲ್ಲ. ಮಳೆಯಲ್ಲಿ ಕೊಚ್ಚಿಹೋಗುವ ಪುಡಿಯನ್ನೂ ಗಾಳಿಗೆ ಹಾರುವ ಧೂಳನ್ನೂ ತಡೆಯುವುದು ಅಲ್ಲಿ ಮೊದಲ ಕೆಲಸವು. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ತೆಗೆಯುತ್ತಿದ್ದ ತಾಮ್ರದ ಅದಿರಾದರೋ ಗಂಧಕಯುಕ್ತವಾದದ್ದು. ಆ ಜಾತಿಯ ಕಲ್ಲಿಗೆ ಮೇಲೆ ವಿವರಿಸಿದ ಕ್ರಿಯೆಯು ಅನ್ವಯಿಸುವುದು. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಗಂಧಕ ಬೆರೆತ ಕಲ್ಲಿದ್ದಲನ್ನು ಇಲಿಬಿಲಗಳಂತಹ ಸುರಂಗಗಳಿಂದ ತೆಗೆದುದರ ಫಲವಾಗಿ ಹಲವು ಹೊಳೆಗಳು ಹುಳಿಯಾದುವು. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಆ ಕ್ರಮದ ಗಣಿಗಾರಿಕೆಯನ್ನು ನಿಷೇಧಿಸಿತು. ಆದರೆ ಬಿಟ್ಟುಹೋದ ಗುಂಡಿಗಳು ನಿಷೇಧದಿಂದ ಮುಚ್ಚಿಕೊಳ್ಳುವುದಿಲ್ಲ.

ರೈತರು ಗಮನಿಸತಕ್ಕ ಅಂಶಗಳು

1. ಹಳ್ಳದ ಕಲ್ಲುಗಳ ಮೇಲೆ ಕಿತ್ತಳೆ ಅಥವಾ ಕಾವಿ ಬಣ್ಣದ ಲೇಪವೂ, ಬಿಳಿಯ ಮಡ್ಡಿಯೂ ಕಂಡುಬಂದಲ್ಲಿ, ಮೀನು ಕಪ್ಪೆಗಳು ಇಲ್ಲವಾದಲ್ಲಿ, ಪಂಪಿನ ಕಬ್ಬಿಣವೂ ತೊಟ್ಟಿಯ ಗಾರೆಯೂ ಬೇಗನೆ ಸವೆದಲ್ಲಿ ಸಂದೇಹಪಡಬೇಕು. ಪಿ.ಎಚ್. ಕಾಗದವನ್ನು ಅದ್ದಿ ನೋಡಿದರೆ ಹುಳಿಯು ಕೂಡಲೆ ತಿಳಿಯುವುದು. ಆದರೆ ಲೋಹಗಳನ್ನು ಈ ಕಾಗದವು ತೋರಿಸಲಾರದು.

2. ನೀರಿನ ಮಾದರಿಯನ್ನು ಬೇಸಗೆಯಲ್ಲೊಮ್ಮೆ, ಮೊದಲ ಮಳೆಯ ತರುವಾಯ ಮತ್ತೊಮ್ಮೆ ತೆಗೆದು ಪರೀಕ್ಷೆಗೆ ಕಳುಹಿಸತಕ್ಕದ್ದು. ಶೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಗಾಳಿಯುಳಿಯದಂತೆ ತುಂಬಿ, ಸ್ಥಳವನ್ನೂ ದಿನಾಂಕವನ್ನೂ ಬರೆದಿಡಬೇಕು. ಲೋಹಗಳ ಪರೀಕ್ಷೆಗೆ ಬೇರೆ ಶೀಸೆಯು ಬೇಕಾಗುವುದರಿಂದ ಪ್ರಯೋಗಶಾಲೆಯವರಿಂದಲೇ ಅದನ್ನು ಪಡೆಯುವುದು ಲೇಸು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಲಹೆಯಂತೆ ನೀರಾವರಿಯ ನೀರಿನಲ್ಲಿ ಲೀಟರಿಗೆ ಸತು 2 ಮಿಲಿಗ್ರಾಮನ್ನೂ ಪಾಷಾಣವು 0.1 ಮಿಲಿಗ್ರಾಮನ್ನೂ ಕ್ಯಾಡ್ಮಿಯಮ್ 0.01 ಮಿಲಿಗ್ರಾಮನ್ನೂ ಮೀರಬಾರದು.

3. ಪರೀಕ್ಷೆಯ ಫಲವು ಬರುವ ತನಕ ಆ ನೀರನ್ನು ಕುಡಿಯಲೂ, ದನಕರುಗಳಿಗೂ, ಪೈರಿಗೂ ಉಪಯೋಗಿಸಬಾರದು. ಕುದಿಸಿದರೆ ರೋಗಾಣುಗಳು ಸಾಯುವುವೇ ಹೊರತು ಲೋಹಗಳು ಹೋಗುವುದಿಲ್ಲ; ನೀರು ಬತ್ತಿದಷ್ಟೂ ಅವು ಹೆಚ್ಚಾಗುವುವು.

4. ಈಗಾಗಲೇ ಇಂತಹ ನೀರನ್ನು ಉಂಡಿರುವ ನೆಲದ ಮಣ್ಣನ್ನು ಪರೀಕ್ಷೆಮಾಡಿಸಿ, ಹುಳಿಯಿದ್ದರೆ ಸುಣ್ಣವನ್ನು ಹಾಕಬೇಕು. ಸುಣ್ಣದಿಂದ ಕ್ಯಾಡ್ಮಿಯಮ್ ಪೈರಿಗೆ ಏರುವುದು ತಗ್ಗುವುದು. ಸೊಪ್ಪುತರಕಾರಿಗಳು ಕ್ಯಾಡ್ಮಿಯಮ್ಮನ್ನು ಹೆಚ್ಚಾಗಿ ಹೀರುವುದರಿಂದ ಅವುಗಳನ್ನು ಅಲ್ಲಿ ಬೆಳೆಯಬಾರದು. ಬತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸಿದರೆ ಕ್ಯಾಡ್ಮಿಯಮ್ ಅಡಗುವುದು, ಆದರೆ ಪಾಷಾಣವು ಕರಗಿ ಬತ್ತಕ್ಕೇರುವುದು. ಆದ್ದರಿಂದ ಯಾವ ಲೋಹವಿದೆಯೆಂದು ತಿಳಿಯದೆ ನೀರಿನ ಕ್ರಮವನ್ನು ಬದಲಿಸಲಾಗದು.

5. ಗಣಿಯ ಪುಡಿಯನ್ನೂ ಶುದ್ಧೀಕರಣದ ಹೊಂಡಗಳ ಮಡ್ಡಿಯನ್ನೂ ಹೊಲಕ್ಕಾಗಲಿ ಮನೆಯ ಗಾರೆಗಾಗಲಿ ತರಬಾರದು. ಪಾಳುಗಣಿಯೊಳಕ್ಕೆ ಇಳಿಯುವುದೂ, ಅದರ ಬಾಯನ್ನು ತಾವಾಗಿ ಕಟ್ಟುವುದೂ ಪ್ರಾಣಾಪಾಯಕರವು.

6. ಸಂದೇಹವಿದ್ದಲ್ಲಿ ಗ್ರಾಮ ಪಂಚಾಯತಿಯ ಮೂಲಕ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ, ಪರೀಕ್ಷೆಯ ಫಲವನ್ನು ಲಗತ್ತಿಸಿ, ಲಿಖಿತವಾಗಿ ತಿಳಿಸತಕ್ಕದ್ದು.

ಉಪಸಂಹಾರ

ಜಿನ್‌ಜು ನದಿಯ ಬಯಲಿನ ರೈತರು 1972ರಲ್ಲಿ ನ್ಯಾಯಾಲಯದಲ್ಲಿ ಗೆದ್ದಾಗ ಪರಿಹಾರದ ಹಣದಿಂದ ಮಾತ್ರ ತೃಪ್ತರಾಗಲಿಲ್ಲ. ಗಣಿಯನ್ನು ತಾವೇ ತಜ್ಞರೊಡನೆ ಪ್ರವೇಶಿಸಿ ತನಿಖೆಮಾಡುವ ಹಕ್ಕನ್ನು ಕಂಪನಿಯಿಂದ ಬರೆಯಿಸಿಕೊಂಡರು. ವರ್ಷವರ್ಷವೂ ಹೋಗಿ ನೀರನ್ನು ಪರೀಕ್ಷಿಸಿದರು. 2001ರಲ್ಲಿ ಗಣಿಯು ಅದಿರು ತೆಗೆಯುವುದನ್ನು ನಿಲ್ಲಿಸಿದ ಮೇಲೆಯೂ ಅವರು ತನಿಖೆಯನ್ನು ಬಿಡಲಿಲ್ಲ. ಕ್ರಮೇಣ ನದಿಯ ನೀರಿನಲ್ಲಿ ಕ್ಯಾಡ್ಮಿಯಮ್ ಸ್ವಾಭಾವಿಕವಾದ ಮಟ್ಟಕ್ಕೆ ಇಳಿಯಿತು. ನಮ್ಮಲ್ಲಿ ಕೆರೆಯ ತೂಬನ್ನೂ ಏರಿಯನ್ನೂ ಪ್ರತಿ ಮಳೆಗಾಲದ ಮುಂಚೆ ನೋಡಿಕೊಳ್ಳುವುದು ಊರಿನ ಹಿರಿಯರ ಕರ್ತವ್ಯವಾಗಿರುವಂತೆ, ಮೇಲ್ಗಡೆಯ ಪಾಳುಗಣಿಯ ನೀರನ್ನು ಪರೀಕ್ಷೆಮಾಡಿಸುವುದೂ ಕೆಳಗಡೆಯ ಗ್ರಾಮಸ್ಥರ ಕರ್ತವ್ಯಗಳಲ್ಲಿ ಸೇರತಕ್ಕದ್ದು.